ಬೆರಳ ತುದಿಯ ಪಾಠ

ಬಿ.ಎ.ಯಲ್ಲಿ ಇಂಗ್ಲಿಷ್ ಓದಿ, ಮೂವತ್ತು ವರ್ಷ ಮುಂಬಯಿಯಲ್ಲಿ ಸಂಸಾರ ನಡೆಸಿದವಳಿಗೆ ಜೀವಕೋಶದ ಗೊಡವೆ ಏಕೆ ಎಂದು ನೀವು ಕೇಳಬಹುದು. ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ಅದೇ ನನ್ನನ್ನು ಹುಡುಕಿಕೊಂಡು ಬಂತು.

2022ರಲ್ಲಿ ನನಗೆ ಸ್ತನದ ಕ್ಯಾನ್ಸರ್ ಎಂದು ತಿಳಿಯಿತು. ಶಸ್ತ್ರಚಿಕಿತ್ಸೆಯ ನಂತರ ವಾರಕ್ಕೊಮ್ಮೆ ಪ್ಯಾಕ್ಲಿಟಾಕ್ಸೆಲ್ ಎಂಬ ಔಷಧಿ ಕೊಡುತ್ತಿದ್ದರು. ಕೂದಲು ಉದುರುವುದಕ್ಕೆ ಮನಸ್ಸು ಸಿದ್ಧವಾಗಿತ್ತು. ಆದರೆ ಒಂದು ಶುಕ್ರವಾರ ಮಲ್ಲಿಗೆ ಕಟ್ಟಲು ಕುಳಿತರೆ, ದಾರ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ತಿಳಿಯಲಿಲ್ಲ. ಕಾಲ್ಬೆರಳುಗಳೂ ಜೋಮು. ರೋಗ ಕೈಕಾಲಿಗೂ ಹಬ್ಬಿತೇ ಎಂಬ ಹೆದರಿಕೆಯಲ್ಲಿ ಮೂರು ವಾರ ಯಾರಿಗೂ ಹೇಳಲಿಲ್ಲ.

ಜೀವಶಾಸ್ತ್ರ ಓದಿದ ಮಗಳು ನನ್ನ ಮುಖ ನೋಡಿಯೇ ಕೇಳಿದಳು. "ಅಮ್ಮಾ, ಇದು ರೋಗ ಅಲ್ಲ, ಔಷಧಿಯದೇ ಕೆಲಸ ಇರಬೇಕು" ಎಂದು ಕೂರಿಸಿಕೊಂಡು ಪಾಠ ಹೇಳಿದಳು.

ನಮ್ಮ ಜೀವಕೋಶಗಳೊಳಗೆ ಟ್ಯೂಬುಲಿನ್ ಎಂಬ ಪ್ರೋಟೀನ್ ಕುಟುಂಬವಿದೆ. ಆಲ್ಫಾ, ಬೀಟಾ ಎಂಬ ಅಣ್ಣತಮ್ಮಂದಿರು ಜೋಡಿಯಾಗಿ ಸಾಲುಗಟ್ಟುತ್ತಾರೆ. ಸಾಮಾನ್ಯವಾಗಿ ಅಂಥ 13 ಸಾಲು ಸೇರಿ ಒಂದು ಟೊಳ್ಳು ಕೊಳವೆ. ಗಾಮಾ ಎಂಬ ಮತ್ತೊಬ್ಬ ಅದಕ್ಕೆ ಬುನಾದಿ ಹಾಕುತ್ತಾನೆ. ಕೊಳವೆಯ ದಪ್ಪ ಸುಮಾರು 25 ನ್ಯಾನೋಮೀಟರ್. ಬೇಕಾದಾಗ ಬೆಳೆದು, ಬೇಡವಾದಾಗ ಬಿಚ್ಚಿಕೊಳ್ಳುವುದು ಅದರ ಗುಣ. ಕೋಶ ಎರಡಾಗುವಾಗ ವರ್ಣತಂತುಗಳನ್ನು ಆಚೀಚೆ ಎಳೆಯುವ ಹಗ್ಗ ಇದೇ. ಪ್ಯಾಕ್ಲಿಟಾಕ್ಸೆಲ್ ಈ ಹಗ್ಗ ಬಿಚ್ಚದಂತೆ ಬಿಗಿ ಮಾಡುತ್ತದೆ ಎಂದು 1979ರಲ್ಲಿ ಅಮೆರಿಕದ ಸೂಸನ್ ಹಾರ್ವಿಟ್ಜ್ ತೋರಿಸಿಕೊಟ್ಟರು. ಕ್ಯಾನ್ಸರ್ ಕೋಶ ಒಡೆಯಲಾರದೆ ಸಿಕ್ಕಿಬೀಳುತ್ತದೆ. ಬೇಗ ಬೇಗ ಒಡೆಯುವ ಕೂದಲ ಬುಡದ ಕೋಶಗಳಿಗೂ ಪೆಟ್ಟು ಬೀಳುತ್ತದೆ.

"ನರದ ಕೋಶ ಒಡೆಯುವುದೇ ಇಲ್ಲವಲ್ಲೇ?" ಎಂದೆ. ಅಲ್ಲಿ ಇದೇ ಕೊಳವೆಗಳು ಸಾಮಾನು ಸಾಗಿಸುವ ಹಳಿಗಳಂತೆ. ಕಾಲ್ಬೆರಳಿನ ಸ್ಪರ್ಶ ತಿಳಿಸುವ ನರಕೋಶದ ಮೂಲ ಬೆನ್ನುಮೂಳೆಯ ಬಳಿ; ತುದಿ ಹತ್ತಿರಹತ್ತಿರ ಒಂದು ಮೀಟರು ದೂರ. ಕೈನೆಸಿನ್ ಎಂಬ ಹಮಾಲ ತುದಿಯ ಕಡೆಗೆ ಹೊರುತ್ತಾನೆ, ಡೈನೀನ್ ಹಿಂದಕ್ಕೆ ತರುತ್ತಾನೆ. ಹಳಿ ಕೆಟ್ಟರೆ ಮೊದಲು ಪರದಾಡುವುದು ಕೊನೆಯ ಸ್ಟೇಷನ್ನು. ಲೋಕಲ್ ಹತ್ತುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಮರುದಿನವೇ ಡಾಕ್ಟರಿಗೆ ಹೇಳಿದೆ. ಪರೀಕ್ಷಿಸಿ, ಔಷಧಿಯಿಂದಲೇ ಎಂದರು, ಪ್ರಮಾಣ ತಗ್ಗಿಸಿದರು. "ಮೊದಲೇ ಹೇಳಬೇಕಿತ್ತು" ಎಂದೂ ಗದರಿದರು. ಸೋದರಿಯರೇ, ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಚಿಕಿತ್ಸೆಯಲ್ಲಿರುವಾಗ ಬೆರಳು ಜೋಮು ಹಿಡಿದರೆ ಅಂದೇ ಬಾಯಿ ಬಿಟ್ಟು ಹೇಳಿ.

ಈಗ ಮುಕ್ಕಾಲು ಪಾಲು ಸರಿಹೋಗಿದೆ. ಮೊದಲು ಟಿ.ವಿ. ನೋಡುತ್ತಾ ಹೂ ಕಟ್ಟುತ್ತಿದ್ದೆ. ಈಗ ಹೂವನ್ನೇ ನೋಡುತ್ತಾ ಕಟ್ಟುತ್ತೇನೆ.