ಟ್ರಂಕಿನಲ್ಲಿ ಸಿಕ್ಕ ಸಿಂಹ

ಮೊನ್ನೆ ತೀರಿಹೋದ ಅಪ್ಪನ ಟ್ರಂಕು ಕೆದಕುವಾಗ ಪಾಲಿಸಿಯೊಂದು ಸಿಕ್ಕಿತು. ಕಿತ್ತಳೆ ಬಣ್ಣದ ಸಿಂಹ, ಐಎನ್‌ಜಿ ವೈಶ್ಯ ಲೈಫ್. "ಆ ಕಂಪನಿನೇ ಈಗ ಇಲ್ವಲ್ಲೋ, ನಿಮ್ಮಪ್ಪ ಕಟ್ಟಿದ ದುಡ್ಡು ಹೋದ ಹಾಗೇನಾ?" ಅಮ್ಮನ ಆತಂಕ.

ಸಿಂಹದ ಜಾಡು ಹಿಡಿದು ಹೊರಟೆ. ಅದರ ಮೂಲ ಹಾಲೆಂಡು! 1845ರಲ್ಲಿ ಜುಟ್ಫೆನ್ ಎಂಬ ಊರಲ್ಲಿ ಬೆಂಕಿ ವಿಮೆಗೆಂದು ಶುರುವಾದ ಕಂಪನಿ, 1963ರಲ್ಲಿ ಜೀವವಿಮೆಯವರ ಜೊತೆ ಸೇರಿ ನ್ಯಾಷನಾಲೆ-ನೆದರ್‌ಲಾಂಡೆನ್ ಆಯ್ತು. 1991ರಲ್ಲಿ ಬ್ಯಾಂಕೊಂದರ ಜೊತೆಗೂಡಿ ಐಎನ್‌ಜಿ. 2001ರಲ್ಲಿ ನಮ್ಮ ಬೆಂಗಳೂರಲ್ಲೂ ಜೀವವಿಮೆ ಶುರು.

2008ರ ಬಿಕ್ಕಟ್ಟಿನಲ್ಲಿ ಡಚ್ ಸರ್ಕಾರ 1000 ಕೋಟಿ ಯೂರೋ ಕೊಟ್ಟು ಐಎನ್‌ಜಿಯನ್ನು ಉಳಿಸಿತು. ಆ ನೆರವಿನ ಋಣಕ್ಕೆ ವಿಮೆ ವ್ಯವಹಾರವನ್ನೇ ಬಿಟ್ಟುಕೊಡಬೇಕಾಯ್ತು. ಅಲ್ಲಿ 2014ರಲ್ಲಿ ಎನ್‌ಎನ್ ಗ್ರೂಪ್ ಬೇರೆ ಮನೆ ಮಾಡಿತು. ಇಲ್ಲಿಯದು 2013ರಲ್ಲಿ ಎಕ್ಸೈಡ್ ಪಾಲಾಗಿ, 2022ರಲ್ಲಿ ಎಚ್‌ಡಿಎಫ್‌ಸಿ ಲೈಫ್‌ನಲ್ಲಿ ಸೇರಿಹೋಯ್ತು.

ಕಂಪನಿ ಕೈ ಬದಲಾದರೂ ಪಾಲಿಸಿ ಸಾಯೋದಿಲ್ಲ, ಅದರ ಹೊಣೆ ಕೊಂಡವರ ಹೆಗಲಿಗೆ ಬರುತ್ತೆ. ಅಮ್ಮನಿಗೆ ಇಷ್ಟು ಹೇಳಿದೆ. ಅವಳು ಪಾಲಿಸಿಯಲ್ಲಿ ಅಪ್ಪ ಬರೆಸಿದ್ದ ತನ್ನ ಹೆಸರನ್ನೇ ನೋಡುತ್ತಾ ಕೂತಿದ್ದಳು...

ನಾಳೆ ಕಾಗದ ಹಿಡಿದು ಹೊರಟಿದ್ದೇವೆ. ನಿಮ್ಮ ಮನೆ ಟ್ರಂಕನ್ನೂ ಒಮ್ಮೆ ತೆಗೆದು ನೋಡಿ.