ಹಾಲು ಕುಡಿಯದ ಹಾವು

ಸಂಜೆಯ ಹೊತ್ತು ಹಾವಿನ ಹೆಸರನ್ನೆತ್ತಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎತ್ತಲೇಬೇಕಾದ ಪ್ರಸಂಗ ಬಂದರೆ ‘ಹುಳ’ ಎನ್ನಬೇಕು. ಅಂಥ ಮನೆತನದಲ್ಲಿ ಹುಟ್ಟಿ ಬೆಳೆದ ನಾನು, ಅರವತ್ತೆಂಟರ ವಯಸ್ಸಿನಲ್ಲಿ, ಎರಡು ಬಗೆಯ ಹಾವುಗಳಲ್ಲಿ ಯಾವುದನ್ನು ಮನೆಗೆ ತರಬೇಕೆಂಬ ನ್ಯಾಯಕ್ಕೆ ಕುಳಿತುಕೊಳ್ಳಬೇಕಾಯಿತೆಂದರೆ ಓದುಗ ಬಂಧುಗಳು ನಗಬಹುದು. ಮೊದಲು ನಾನೂ ನಕ್ಕೆ. ಆಮೇಲೆ ನಗು ನಿಂತಿತು.

2023ರಲ್ಲಿ ನಾನು ಅಮೇರಿಕೆಯ ಉತ್ತರ ಕ್ಯಾರೋಲಿನಾ ರಾಜ್ಯದಲ್ಲಿರುವ ಮಗನ ಮನೆಗೆ ಹೋಗಿ ಐದಾರು ತಿಂಗಳು ಇದ್ದೆ. ಮೊಮ್ಮಗನಿಗೆ ಹನ್ನೊಂದು ವರ್ಷ. ಆ ವರ್ಷ ಶಾಲೆ ಬದಲಾಗಿ, ಹಳೆಯ ಗೆಳೆಯರು ದೂರವಾಗಿ, ಹುಡುಗ ಮಾತು ಕಡಿಮೆ ಮಾಡಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ಉಂಡು ಎದ್ದು ಹೋಗುತ್ತಿದ್ದ. ಅಂಥವನು ಒಂದು ದಿನ ಗ್ರಂಥಾಲಯದಿಂದ ಹಾವುಗಳ ಪುಸ್ತಕ ತಂದು ಒಂದು ಗಂಟೆ ಎಡೆಬಿಡದೆ ಮಾತನಾಡಿದ. ಅವನಿಗೊಂದು ಹಾವು ಬೇಕಾಗಿತ್ತು. ಆ ದೇಶದಲ್ಲಿ ವಿಷವಿಲ್ಲದ ಹಾವುಗಳನ್ನು ಮನೆಯಲ್ಲಿ ಸಾಕುವವರೂ ಇದ್ದಾರೆ. ಹೊಸದಾಗಿ ಸಾಕುವವರು ಹೆಚ್ಚಾಗಿ ಎರಡರಲ್ಲಿ ಒಂದನ್ನು ಆರಿಸುತ್ತಾರಂತೆ: ಕಾರ್ನ್ ಸ್ನೇಕ್ ಇಲ್ಲವೆ ರಾಯಲ್ ಪೈಥಾನ್.

ಕಾರ್ನ್ ಸ್ನೇಕ್ ಎಂದರೆ ಗೋವಿನಜೋಳದ ಹಾವು. ಅದರ ಹೊಟ್ಟೆಯ ಮೇಲಿನ ಕಪ್ಪು ಬಿಳಿ ಚೌಕಗಳು ಗೋವಿನಜೋಳದ ತೆನೆಯ ಕಾಳುಗಳಂತೆ ಕಾಣುವುದರಿಂದ ಈ ಹೆಸರು ಬಂದಿತೆಂದು ಕೆಲವರು, ಜೋಳದ ಕಣಜಗಳಲ್ಲಿ ಇಲಿ ಹಿಡಿಯಲು ಸುಳಿದಾಡುತ್ತಿದ್ದುದರಿಂದ ಬಂದಿತೆಂದು ಇನ್ನು ಕೆಲವರು ಹೇಳುತ್ತಾರೆ. ಅಮೇರಿಕೆಯ ಆಗ್ನೇಯ ಭಾಗವೇ ಇದರ ತವರು. ಮೂರರಿಂದ ಐದು ಅಡಿ ಉದ್ದ, ತೆಳುವಾದ ಮೈ, ಕಿತ್ತಳೆ ಬಣ್ಣದ ಮೇಲೆ ಕೆಂಪು ಮಚ್ಚೆಗಳು. ನಮ್ಮ ಕೇರೆಹಾವಿನ ದೂರದ ನೆಂಟನೆನ್ನಬಹುದು.

ರಾಯಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕೆಯ ಚಿಕ್ಕ ಹೆಬ್ಬಾವು. ಉದ್ದ ಸುಮಾರು ಅಷ್ಟೇ ಇದ್ದರೂ ಮೈ ದಪ್ಪ, ನಡೆ ನಿಧಾನ. ಹೆದರಿದಾಗ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅಮೇರಿಕೆಯಲ್ಲಿ ಇದನ್ನು ಬಾಲ್ ಪೈಥಾನ್ ಎನ್ನುತ್ತಾರೆ.

ಮೊಮ್ಮಗನ ಮನಸ್ಸು ಹೆಬ್ಬಾವಿನ ಮೇಲಿತ್ತು. ಮಗನಿಗೆ ಯಾವುದಾದರೂ ಸರಿ, ಹುಡುಗ ಮಾತನಾಡಿದರೆ ಸಾಕು. ಸೊಸೆ ಮಾತ್ರ ಎರಡಕ್ಕೂ ಒಪ್ಪಲಿಲ್ಲ. ಹಾವೆಂಬ ಭಯ ಅವಳಿಗಿರಲಿಲ್ಲ. “ಅತ್ತೆ, ನಮ್ಮ ಮನೆಗೆ ಒಂದು ಮೊಟ್ಟೆಯನ್ನೂ ತರುವುದಿಲ್ಲ. ಹಾವಿಗೆ ಏನು ಹಾಕುತ್ತಾರೆಂದು ನಿಮಗೆ ಗೊತ್ತೇ? ಇಲಿ. ಅಂಗಡಿಯಲ್ಲಿ ಹಿಮಗಟ್ಟಿಸಿ ಮಾರುತ್ತಾರೆ. ತಂದು ಫ್ರಿಜ್ಜಿನಲ್ಲಿ ಇಡಬೇಕು” ಎಂದಳು.

ನಾನು ನಮ್ಮೂರಿನ ಬುದ್ಧಿಯಿಂದಲೇ, “ಹಾಲು ಹಾಕಿದರೆ ಆಗದೇ?” ಎಂದು ಕೇಳಿದೆ.

ಮೊಮ್ಮಗ ನಗಲಿಲ್ಲ. “ಅಜ್ಜಿ, ಯಾವ ಹಾವೂ ಹಾಲು ಕುಡಿದು ಬದುಕುವುದಿಲ್ಲ. ಅದಕ್ಕೆ ಹಾಲು ಜೀರ್ಣವಾಗುವುದಿಲ್ಲ. ಇಲಿ ಬಿಟ್ಟು ಬೇರೆ ಏನಾದರೂ ಕೊಟ್ಟು ಸಾಕುತ್ತೇನೆಂದರೆ ಅದು ಸಾಯುತ್ತದೆ” ಎಂದ.

ಆ ಮಾತು ನನ್ನನ್ನು ಅರವತ್ತು ವರ್ಷ ಹಿಂದಕ್ಕೆ ಕೊಂಡೊಯ್ದಿತು. ಹಾವೇರಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಪಂಚಮಿಯ ಮುನ್ನಾದಿನಗಳಲ್ಲಿ ಹಾವಾಡಿಗರು ಬುಟ್ಟಿ ಹೊತ್ತು ಬರುತ್ತಿದ್ದರು. ನಾಗರಹಾವು ಬಟ್ಟಲಿಗೆ ಬಾಯಿ ಹಚ್ಚಿದರೆ ನಾವು ಧನ್ಯರಾದೆವೆಂದು ಕೈ ಮುಗಿಯುತ್ತಿದ್ದೆವು. ನೀರು ಕೊಡದೆ ದಿನಗಟ್ಟಲೆ ಒಣಗಿಸಿದ ಹಾವು ಬಾಯಾರಿಕೆ ತಾಳದೆ ಹಾಲಿಗೆ ಬಾಯಿ ಹಚ್ಚುತ್ತದೆ, ಆ ಹಾಲೇ ಅದಕ್ಕೆ ಕಂಟಕವಾಗುತ್ತದೆ ಎಂಬುದು ಯಾರಿಗೆ ತಿಳಿದಿತ್ತು? ಅದೇ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಹಿತ್ತಲಿನ ಬಣವೆಯಿಂದ ಕೇರೆಹಾವೊಂದು ಹೊರಬಿದ್ದಿತು. ವಿಷವಿಲ್ಲದ, ಇಲಿ ತಿಂದು ರೈತನ ಕಾಳು ಉಳಿಸುವ ಹಾವು. ಗಂಡಸರು ಕೂಗಿಕೊಂಡರು. ನಾನೇ ಓಡಿಹೋಗಿ ಬಡಿಗೆ ತಂದುಕೊಟ್ಟೆ. ಆಗ ನನಗೆ ಎಂಟು ವರ್ಷ. ಬೆಳಿಗ್ಗೆ ಹುತ್ತಕ್ಕೆ ಹಾಲೆರೆದ ಕೈಯೇ ಮಧ್ಯಾಹ್ನ ಬಡಿಗೆ ಹಿಡಿಯಿತು. ಕಲ್ಲಿನ ಹಾವಿಗೊಂದು ನ್ಯಾಯ, ಜೀವದ ಹಾವಿಗೊಂದು ನ್ಯಾಯ ಎಂಬ ಈ ವಿಪರೀತವನ್ನು ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಎತ್ತಿ ತೋರಿಸಿದ್ದರು. ಕೇಳಿಯೂ ಕೇಳದಂತೆ ಬಾಳಿದವರು ನಾವು.

ಸೊಸೆಯ ಮಾತು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಮೊಮ್ಮಗನ ಮಾತೂ ಸುಳ್ಳಾಗಿರಲಿಲ್ಲ. ಕೊನೆಗೆ ನಾನೊಂದು ಮಾತು ಹೇಳಿದೆ: “ಮೂರು ತಿಂಗಳು ಯಾವ ಹಾವೂ ಬೇಡ. ಎರಡರ ವಿಷಯವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆ. ಏನು ತಿನ್ನುತ್ತದೆ, ಎಷ್ಟು ದಿನ ಬದುಕುತ್ತದೆ, ಏನಾದರೆ ಸಾಯುತ್ತದೆ, ಎಲ್ಲವೂ ಬರಬೇಕು. ಆಮೇಲೆ ನಿನ್ನ ತಾಯಿ ಹೇಳಿದಂತೆ.” ನಿವೃತ್ತ ಶಿಕ್ಷಕಿಯ ಚಾಳಿ ಎಲ್ಲಿ ಹೋದೀತು!

ಅವನು ಬರೆದ. ದಿನವೂ ರಾತ್ರಿ ನನಗೆ ಓದಿ ಹೇಳುತ್ತಿದ್ದ. ಮಾತು ಮರೆತಿದ್ದ ಹುಡುಗ ಮಾತಿಗೆ ಬಂದದ್ದೇ ಹಾಗೆ.

ಹೆಬ್ಬಾವಿಗೆ ಬಿಸಿ ಹೆಚ್ಚು ಬೇಕು. ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಬೇಕು, ಗಾಳಿಯಲ್ಲಿ ತೇವವೂ ಇರಬೇಕು. ಚಳಿಗಾಲದಲ್ಲಿ ಮನೆ ಬಿಸಿಮಾಡುವ ಯಂತ್ರದಿಂದ ಅಲ್ಲಿಯ ಗಾಳಿ ಒಣಗುತ್ತದೆ. ತೇವ ಸಾಲದಿದ್ದರೆ ಪೊರೆ ಒಂದೇ ಸಮನೆ ಕಳಚದೆ ತುಂಡುತುಂಡಾಗಿ ಮೈಗೆ ಅಂಟಿಕೊಳ್ಳುತ್ತದೆ. ಜೋಳದ ಹಾವಿಗೆ ಬೆಚ್ಚನೆಯ ತುದಿ 28ರಿಂದ 30 ಡಿಗ್ರಿ ಇದ್ದರೆ ಸಾಕು, ಸಾಧಾರಣ ಮನೆಯ ತೇವವೇ ಅದಕ್ಕೆ ಹೊಂದುತ್ತದೆ. ಆದರೆ ಅದು ಚುರುಕು. ಮುಚ್ಚಳ ಬೆರಳಿನಷ್ಟು ಸಡಿಲವಿದ್ದರೂ ನುಸುಳಿ ಹೋಗುತ್ತದೆ. ಕೈಯಲ್ಲಿ ಹಿಡಿದು ಕೂರಲು ಹೆಬ್ಬಾವೇ ಸಾಧು. ಹುಡುಗನಿಗೆ ಅದರ ಮೇಲೆ ಮನಸ್ಸಾದದ್ದೂ ಅದರಿಂದಲೇ.

ಮಗನ ಪರಿಚಯದ ಕನ್ನಡದ ಕುಟುಂಬವೊಂದರಲ್ಲಿ ಹೆಬ್ಬಾವು ಸಾಕಿದ್ದರು. ನೋಡಲು ಹೋದೆವು. ಅದು ನಾಲ್ಕು ತಿಂಗಳಿಂದ ಆಹಾರ ಮುಟ್ಟಿರಲಿಲ್ಲ. ಆ ಜಾತಿಯ ಹಾವು ಆರೋಗ್ಯವಾಗಿದ್ದೂ ತಿಂಗಳುಗಟ್ಟಲೆ ಉಪವಾಸ ಮಾಡುವುದುಂಟು. ಅದು ತಿಳಿದಿದ್ದರೂ ಮನೆಯಾಕೆಯ ಜೀವಕ್ಕೆ ಸಮಾಧಾನವಿಲ್ಲ. ವಾರಕ್ಕೊಮ್ಮೆ ತಕ್ಕಡಿಯಲ್ಲಿಟ್ಟು ತೂಗುತ್ತಾರೆ, ಇಲಿಯನ್ನು ಬೆಚ್ಚಗೆ ಮಾಡಿ ಮುಂದಿಡುತ್ತಾರೆ, ಅದು ಮುಖ ತಿರುಗಿಸುತ್ತದೆ. ಸಸ್ಯಾಹಾರಿ ತಾಯಿಯೊಬ್ಬಳು ಇಲಿ ತಿನ್ನೆಂದು ಹಾವನ್ನು ರಮಿಸುವ ದೃಶ್ಯ ನೋಡಿ ನನಗೆ ನಗುವೂ ಬಂದಿತು, ಕಣ್ಣೂ ತುಂಬಿತು.

ಆಯುಸ್ಸಿನ ಲೆಕ್ಕ ಬಂದಾಗ ಮಗ ಗಂಭೀರನಾದ. ಜೋಳದ ಹಾವು ಆರೈಕೆ ಚೆನ್ನಾಗಿದ್ದರೆ 15ರಿಂದ 20 ವರ್ಷ ಬದುಕುತ್ತದೆ. ಹೆಬ್ಬಾವು 30 ವರ್ಷ ಬಾಳಿದರೂ ಆಶ್ಚರ್ಯವಿಲ್ಲ. ಅಮೇರಿಕೆಯ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರವತ್ತು ದಾಟಿದ್ದ ಹೆಣ್ಣು ಹೆಬ್ಬಾವೊಂದು, ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಗಂಡಿನ ಸಂಗವಿಲ್ಲದೆ, 2020ರಲ್ಲಿ ಮೊಟ್ಟೆಯಿಟ್ಟಿತ್ತು. “ಹದಿನೆಂಟಕ್ಕೆ ನೀನು ಕಾಲೇಜಿಗೆ ಹೋಗುತ್ತೀ. ಆಮೇಲೆ ಇದನ್ನು ನೋಡುವವರು ಯಾರು?” ಎಂದು ಮಗ ಕೇಳಿದ. ಹುಡುಗನಲ್ಲಿ ಉತ್ತರವಿರಲಿಲ್ಲ.

ಅವನ ಮನಸ್ಸನ್ನು ಮುಟ್ಟಿದ್ದು ಬೇರೆ ಸಂಗತಿ. ಪಶ್ಚಿಮ ಆಫ್ರಿಕೆಯ ಬೆನಿನ್ ದೇಶದ ವೀದಾ ಎಂಬ ಪಟ್ಟಣದಲ್ಲಿ ಈ ಹೆಬ್ಬಾವುಗಳಿಗೇ ಒಂದು ಗುಡಿಯಿದೆ. ಅವು ಊರಿನ ಮನೆಗಳಿಗೆ ಹರಿದುಬಂದರೆ ಜನ ಬಡಿಯುವುದಿಲ್ಲ, ಮರ್ಯಾದೆಯಿಂದ ಮರಳಿ ಗುಡಿಗೆ ಒಯ್ದು ಬಿಡುತ್ತಾರೆ. ಅದೇ ಬೆನಿನ್, ನೆರೆಯ ಟೋಗೋ ಮತ್ತು ಘಾನಾ ದೇಶಗಳಿಂದಲೇ ಪ್ರತಿ ವರ್ಷ ಸಾವಿರಾರು ಹೆಬ್ಬಾವುಗಳು ಹೊರದೇಶಗಳ ಮಾರುಕಟ್ಟೆಗೆ ಹೋಗುತ್ತ ಬಂದಿವೆ. ಕಾಡಿನಿಂದ ಬಸುರಿ ಹಾವುಗಳನ್ನೂ ಮೊಟ್ಟೆಗಳನ್ನೂ ತಂದು ಮರಿ ಮಾಡಿಸಿ ಕಳಿಸುವುದೂ ಇದರಲ್ಲಿ ಸೇರಿದೆ. ಈಗ ಅದು ಅಪಾಯದ ಅಂಚಿಗೆ ಸಮೀಪಿಸುತ್ತಿರುವ ಜೀವಿಗಳ ಪಟ್ಟಿಯಲ್ಲಿದೆ. ಅಮೇರಿಕೆಯಲ್ಲಿಯೇ ಸಾಕಿ ಬೆಳೆಸಿದವು ಬೇಕಾದಷ್ಟು ಸಿಗುತ್ತವೆ, ನಿಜ. ಆದರೂ, “ಅಜ್ಜಿ, ಪೂಜೆ ಮಾಡುವ ಊರಿನಿಂದಲೇ ಹಿಡಿದು ಮಾರುತ್ತಾರಲ್ಲ!” ಎಂದು ಅವನು ಬೇಸರಗೊಂಡ. “ನಮ್ಮಲ್ಲಿಯೂ ಹಾಗೆಯೇ ಕಂದ, ಪೂಜೆಯೂ ಇತ್ತು, ಬಡಿಗೆಯೂ ಇತ್ತು” ಎಂದು ಹೇಳಿ, ಯಾರಿಗೂ ಹೇಳದ ಬಣವೆಯ ಕಥೆಯನ್ನು ಅವನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಆಗ ನಿನಗೆ ಗೊತ್ತಿರಲಿಲ್ಲ” ಎಂದಷ್ಟೇ ಅಂದ.

ಉಳಿದದ್ದು ಇಲಿಯ ಲೆಕ್ಕ. ಬೆಳೆದ ಜೋಳದ ಹಾವಿಗೆ ಹತ್ತು ಹದಿನಾಲ್ಕು ದಿನಗಳಿಗೊಂದು ಇಲಿ, ಎಂದರೆ ವರ್ಷಕ್ಕೆ ಸುಮಾರು ಮೂವತ್ತು. ಹುಡುಗ ಅದನ್ನು ಮುಚ್ಚಿಡದೆ ದಪ್ಪ ಅಕ್ಷರದಲ್ಲಿ ಬರೆದಿದ್ದ. ಸೊಸೆ ಆ ಹಾಳೆಯನ್ನೇ ನೋಡುತ್ತ ಕುಳಿತಳು. ಕೊನೆಗೆ ದಾರಿ ತೋರಿಸಿದವಳೂ ಅವಳೇ. “ನಮ್ಮ ಸಲುವಾಗಿ ಒಂದು ಹೊಸ ಮರಿ ಹುಟ್ಟುವುದು ಬೇಡ. ಸಾಕಿದವರು ಕೈಬಿಟ್ಟ ಹಾವುಗಳನ್ನು ಕಾಪಾಡುವ ಕೇಂದ್ರಗಳಿವೆಯಂತೆ. ಅಲ್ಲಿರುವ ಹಾವು ಅಲ್ಲಿದ್ದರೂ ಇಲಿಯನ್ನೇ ತಿನ್ನುತ್ತದೆ, ಇಲ್ಲಿದ್ದರೂ ಇಲಿಯನ್ನೇ ತಿನ್ನುತ್ತದೆ. ಅದಕ್ಕೊಂದು ಮನೆ ಕೊಡೋಣ” ಎಂದಳು.

ಹಾಗೆ ಎಂಟು ವರ್ಷದ ಜೋಳದ ಹಾವೊಂದು ಮನೆಗೆ ಬಂದಿತು. ಅದನ್ನು ಸಾಕಿದ್ದ ಹುಡುಗಿ ಓದಲು ಬೇರೆ ಊರಿಗೆ ಹೋಗಿದ್ದಳಂತೆ. ಸೊಸೆಯ ನಿಯಮಗಳು ಮೂರು. ಇಲಿಗಳಿಗೆ ಕಾರು ನಿಲ್ಲಿಸುವ ಕೋಣೆಯಲ್ಲಿ ಬೇರೆಯೇ ಒಂದು ಚಿಕ್ಕ ಪೆಟ್ಟಿಗೆ. ಹಾವಿನ ನೀರಿನ ಬಟ್ಟಲನ್ನು ಅಡುಗೆಮನೆಯಲ್ಲಿ ತೊಳೆಯಕೂಡದು. ಮುಟ್ಟಿದವರು ಸಾಬೂನು ಹಚ್ಚಿ ಕೈ ತೊಳೆಯಬೇಕು. ಇದು ಬರಿಯ ಮಡಿಯ ಮಾತಲ್ಲ. ಹಾವು ಹಲ್ಲಿಗಳ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು, ಆದುದರಿಂದ ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಇವನ್ನು ಸಾಕಬಾರದೆಂದು ಅಲ್ಲಿಯ ವೈದ್ಯರು ಹೇಳುತ್ತಾರೆ. ಜೀವಂತ ಇಲಿಯನ್ನು ಹಾಕುವಂತೆಯೇ ಇಲ್ಲ. ಅದು ಇಲಿಗೂ ಹಿಂಸೆ, ತಿರುಗಿ ಕಚ್ಚಿದರೆ ಹಾವಿಗೂ ಗಾಯ.

ಮೊದಲ ಸಲ ಆಹಾರ ಕೊಟ್ಟಾಗ ನಾನು ದೇವರ ಕೋಣೆಗೆ ಹೋಗಿ ಕುಳಿತೆ. ಎರಡನೆಯ ಸಲ ಬಾಗಿಲಲ್ಲಿ ನಿಂತು ನೋಡಿದೆ. ಸತ್ತ ಇಲಿಯನ್ನೇ ಅದು ಜೀವವಿದ್ದಂತೆ ಸುತ್ತಿ ಬಿಗಿದು, ನಿಧಾನವಾಗಿ ನುಂಗಿತು. ನನಗೆ ಹಿತವೆನಿಸಲಿಲ್ಲ, ಹಿತವೆನಿಸಿತೆಂದು ಬರೆದರೆ ಸುಳ್ಳಾದೀತು. ಆದರೆ ಆ ಜೀವ ತನ್ನ ಧರ್ಮದಂತೆ ಉಂಡಿತು. ನನ್ನ ಸಮಾಧಾನಕ್ಕಾಗಿ ಅದು ಹಾಲು ಕುಡಿಯಬೇಕೆಂದು ಬಯಸುವುದು ದಯೆಯಲ್ಲವೆಂದು ಅಲ್ಲಿ ನಿಂತಾಗ ತಿಳಿಯಿತು. ಒಂದು ಜೀವವನ್ನು ಮನೆಗೆ ಕರೆಯುವವರು ಅದರ ಹಸಿವನ್ನೂ ಆಯುಸ್ಸನ್ನೂ ಜೊತೆಗೇ ಕರೆದಂತೆ. ಅದು ಆಗದೆಂದರೆ ಕರೆಯದಿರುವುದೇ ದೊಡ್ಡ ದಯೆ.

ನಮ್ಮ ನಾಡಿನ ಮಕ್ಕಳು ಇದನ್ನೋದಿ ಆಸೆಪಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ಹಾವುಗಳನ್ನು ಹಿಡಿದು ಸಾಕುವುದು ಅಪರಾಧ. ಅವುಗಳ ಮನೆ ನಮ್ಮ ಹೊಲ, ಬದು, ಬಣವೆ. ಕಂಡಾಗ ದೂರ ನಿಂತು, ಹಾವು ಹಿಡಿಯಬಲ್ಲವರಿಗೆ ಇಲ್ಲವೆ ಅರಣ್ಯ ಇಲಾಖೆಗೆ ತಿಳಿಸಿದರೆ ಸಾಕು.

ಈಗ ಪ್ರತಿ ಭಾನುವಾರ ಮೊಮ್ಮಗನ ಫೋನು ಬರುತ್ತದೆ. ಪೊರೆ ಬಿಟ್ಟಿತೆಂದು, ಚೆನ್ನಾಗಿ ತಿಂದಿತೆಂದು, ಶಾಲೆಯ ಇಬ್ಬರು ಗೆಳೆಯರು ನೋಡಲು ಬಂದಿದ್ದರೆಂದು ಹೇಳುತ್ತಾನೆ. ಕೊನೆಯಲ್ಲಿ ತಪ್ಪದೆ ಕೇಳುತ್ತಾನೆ: “ಅಜ್ಜಿ, ಹಿತ್ತಲಿಗೆ ಕೇರೆಹಾವು ಬಂದಿತ್ತೇ?”

ಬಂದಿತ್ತು. ಕಳೆದ ಸುಗ್ಗಿಯಲ್ಲಿ ಬಣವೆಯ ಬುಡದಲ್ಲಿ ಕಂಡಿತು. ಆಳುಮಗ ಕೋಲಿಗಾಗಿ ಅತ್ತಿತ್ತ ನೋಡಿದ. ನಾನು, “ಇರಲಿ ಬಿಡಪ್ಪ, ಅದರ ಊಟಕ್ಕೆ ಅದು ಬಂದಿದೆ” ಎಂದೆ.