ಊಟದ ಟೇಬಲ್ಲಿನಲ್ಲಿ ಕೇಳುವ ಅಡ್ಡಹೆಸರು



"ಐಟಿಯೊಳಗ ಜಾತಿ ಎಲ್ಲೈತ್ರಿ, ಅಲ್ಲಿ ಬರೇ ಕೆಲಸ" ಅಂತ ನಮ್ಮ ಆಫೀಸಿನಲ್ಲಿ ಒಬ್ಬರು ವಾದಕ್ಕಿಳಿದರು. ಆ ಕೆಲಸ ಎಂಥಾದ್ದು ಅಂತ ನನ್ನ ಅಕ್ಕನ ಮಗನನ್ನು ಕೇಳಬೇಕು. ಹಾನಗಲ್ಲಿನ ಹುಡುಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಒಬ್ಬ ಬರೆದ ಕೋಡನ್ನು ಇನ್ನೊಬ್ಬ ಓದಿ ತಪ್ಪು ತೋರಿಸಬೇಕು, ತಿಳಿಯದ್ದನ್ನು ಪಕ್ಕದವರ ಹತ್ತಿರ ಕೇಳಬೇಕು. ಅರ್ಧ ಕೆಲಸ ನಡೆಯೋದೇ ಮಾತಿನಲ್ಲಿ, ಅದರಲ್ಲೂ ಊಟದ ಹೊತ್ತಿನ ಮಾತಿನಲ್ಲಿ.

"ಆ ಟೇಬಲ್ಲಿಗೆ ಹೋದ್ರ ಅಡ್ಡಹೆಸರು ಕೇಳ್ತಾರ ಮಾಮಾ, ಅದಕ್ಕ ನಾ ಒಬ್ಬಾಂವನ ಕುಂತು ಉಣ್ತೇನಿ" ಅಂದ. ಹಾಗೆ ಒಬ್ಬನೇ ಉಂಡವನಿಗೆ ಮಧ್ಯಾಹ್ನ ಡೌಟ್ ಕೇಳೋಕೂ ಬಾಯಿ ಬರೋದಿಲ್ಲ. ಕೇಳದೆ ಉಳಿದ ಡೌಟು ಪ್ರೋಗ್ರಾಮಿನಲ್ಲಿ ತಪ್ಪಾಗಿ ಕೂರುತ್ತೆ. ವರ್ಷದ ಕೊನೆಗೆ ಮ್ಯಾನೇಜರ್ ಬರೆದದ್ದು: ಟೀಮಿನ ಜೊತೆ ಬೆರೆಯೋದಿಲ್ಲ!

ಅಮೆರಿಕದಲ್ಲೂ ಇದು ತಪ್ಪಿಲ್ಲ. ದಲಿತ ಎಂಜಿನಿಯರನಿಗೆ ಮೇಲ್ಜಾತಿಯ ಮ್ಯಾನೇಜರುಗಳು ತಾರತಮ್ಯ ಮಾಡಿದರು ಅಂತ 2020ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಸಿಸ್ಕೊ ಕಂಪನಿ ಮೇಲೆ ಕೇಸು ಹಾಕಿತು. ಕಂಪನಿ ಆರೋಪ ಒಪ್ಪಲಿಲ್ಲ. 2023ರಲ್ಲಿ ಆ ಇಬ್ಬರು ಮ್ಯಾನೇಜರುಗಳ ಮೇಲಿನ ಕೇಸನ್ನು ರಾಜ್ಯವೇ ಕೈಬಿಟ್ಟಿತು. ಅದೇ ವರ್ಷ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನು ಮಾಡಿಯೇ ನಿಷೇಧಿಸಿತು.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನಿಂದ ಐಟಿಗೆ ಹೋದ ನಮ್ಮ ಹುಡುಗ ಹುಡುಗಿಯರೇ, ನಿಮ್ಮ ಟೀಮಿನಲ್ಲಿ ಏನು ನಡೀತೈತಿ ಅಂತ ಇನ್‌ಬಾಕ್ಸಿಗೆ ಬರೀರಿ. ಹೆಸರು ಹಾಕಬೇಕಾಗಿಲ್ಲ.